ಮಲೆನಾಡಿನ ಮನೆ ನಿರ್ಮಾಣದಲ್ಲಿ ಬಿದಿರು

ಬಿದಿರು ಹುಲ್ಲಿನ ಕುಟುಂಬಕ್ಕೆ ಸೇರಿದ, ಮರದಂತೆ ಗಡುಸಾದ ಕಾಂಡವುಳ್ಳ ಬಹುವಾರ್ಷಿಕ ಸಸ್ಯ. ಇದರ ಬಲಿತ ಕಾಂಡವನ್ನು ಪಶ್ಚಿಮಘಟ್ಟದ ಮಳೆಸೀಮೆಯಲ್ಲಿ ಕಂಬ, ಜಂತಿ, ತಡಿಕೆ, ಅಟ್ಟ ಮತ್ತು ಮಾಡಿನ ಸಾಮಗ್ರಿಯಾಗಿ ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಸುಸ್ಥಿರ ಕಟ್ಟಡ ಸಾಮಗ್ರಿ ಎನಿಸಿಕೊಳ್ಳಲು ಒಂದು ವಸ್ತು ಮೂರು ಷರತ್ತುಗಳನ್ನು ಪೂರೈಸಬೇಕು. ಕಡಿದಷ್ಟು ಮತ್ತೆ ಬೆಳೆಯಬೇಕು. ಬೆಳೆಯಲು ಹಿಡಿದ ಕಾಲಕ್ಕಿಂತ ಹೆಚ್ಚು ಕಾಲ ಕಟ್ಟಡದಲ್ಲಿ ಬಾಳಬೇಕು. ಅದನ್ನು ಸಿದ್ಧಪಡಿಸಲು ಬೇಕಾಗುವ ಇಂಧನ ಮತ್ತು ರಾಸಾಯನಿಕ ಮಿತವಾಗಿರಬೇಕು. ಮೊದಲನೆಯ ಷರತ್ತನ್ನು ಬಿದಿರು ತನ್ನ ಹುಟ್ಟುಗುಣದಿಂದಲೇ ಪೂರೈಸುತ್ತದೆ. ಉಳಿದೆರಡನ್ನು ಪೂರೈಸುವುದು ಕಡಿಯುವವರ, ಸಂಸ್ಕರಿಸುವವರ ಮತ್ತು ಕಟ್ಟುವವರ ಕೈಯಲ್ಲಿದೆ.

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳನ್ನು ಮುಖ್ಯ ಭೂಮಿಕೆಯಾಗಿಟ್ಟುಕೊಂಡು ಈ ಲೇಖನ ಬಿದಿರಿನ ಬೆಳವಣಿಗೆ, ರಚನೆ, ಪ್ರಭೇದ, ಬಳಕೆ ಮತ್ತು ಇಂದಿನ ಸ್ಥಿತಿಯನ್ನು ವಿವರಿಸುತ್ತದೆ.

ಪಾರಿಭಾಷಿಕ ಪದಗಳು

ಒಂದೇ ಬುಡದಿಂದ ಗುಂಪಾಗಿ ಎದ್ದ ಬಿದಿರಿಗೆ ಮೆಳೆ ಅಥವಾ ಹಿಂಡಲು ಎಂದು ಹೆಸರು. ಮೆಳೆಯ ಒಂದೊಂದು ಕಾಂಡ ಗಳ. ಗಳದ ಮೇಲಿನ ಉಬ್ಬು ಗೆಣ್ಣು. ನೆಲದಿಂದ ಆಗತಾನೇ ಎದ್ದ ಎಳೆಯ ಮೊಳಕೆ ಕಳಲೆ. ಕರಾವಳಿಯಲ್ಲಿ ಇದೇ ಕಣಿಲೆ. ಗಳವನ್ನು ಉದ್ದಕ್ಕೆ ಸೀಳಿದರೆ ದಬ್ಬೆ, ದಬ್ಬೆಗಳನ್ನು ಹೆಣೆದರೆ ತಡಿಕೆ ಅಥವಾ ತಟ್ಟಿ. ಒಣಗಿದ ಬಿದಿರನ್ನು ಒಳಗಿನಿಂದ ಕೊರೆದು ಪುಡಿ ಉದುರಿಸುವ ಕೀಟದ ಬಾಧೆಗೆ ಕುಟ್ಟೆ ಹಿಡಿಯುವುದು ಎನ್ನುತ್ತಾರೆ.

ಭೌಗೋಳಿಕ ಹಿನ್ನೆಲೆ

ಮೂರು ತಾಲ್ಲೂಕುಗಳೂ ತುಂಗಾ ಮತ್ತು ಭದ್ರಾ ನದಿಗಳ ಜಲಾನಯನದಲ್ಲಿವೆ. ಶೃಂಗೇರಿ ತಾಲ್ಲೂಕಿನ ಪಶ್ಚಿಮದಂಚಿನಲ್ಲಿ ಕಿಗ್ಗ, ನರಸಿಂಹ ಪರ್ವತ ಮತ್ತು ಸಿರಿಮನೆ ಜಲಪಾತವಿರುವ ಪ್ರದೇಶ ನಿತ್ಯಹರಿದ್ವರ್ಣ ಕಾಡಿನಿಂದ ಕೂಡಿದೆ. ಪೂರ್ವಕ್ಕೆ ಕೊಪ್ಪವನ್ನು ದಾಟಿ ನರಸಿಂಹರಾಜಪುರದ ಕಡೆಗೆ ಸಾಗಿದಂತೆ ಮಳೆ ಇಳಿಮುಖವಾಗಿ, ಕಾಡು ಎಲೆ ಉದುರಿಸುವ ಬಗೆಗೆ ತಿರುಗುತ್ತದೆ. ಶೃಂಗೇರಿ ಸೀಮೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ, ನರಸಿಂಹರಾಜಪುರದ ಕಡೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಈ ವ್ಯತ್ಯಾಸ ಕಟ್ಟಡದ ಲೆಕ್ಕಾಚಾರದಲ್ಲಿ ಎರಡು ಬಗೆಯಲ್ಲಿ ಮುಖ್ಯವಾಗುತ್ತದೆ. ದೊಡ್ಡ ಬಿದಿರು ಹುಲುಸಾಗಿ ಬೆಳೆಯುವುದು ಎಲೆ ಉದುರುವ ತೇವದ ಕಾಡಿನಲ್ಲಿ ಮತ್ತು ಹಳ್ಳಕೊಳ್ಳಗಳ ದಡದಲ್ಲಿ. ಭದ್ರಾ ಅಭಯಾರಣ್ಯದ ಕಣಿವೆಗಳು ಇದಕ್ಕೆ ಹೆಸರಾಗಿವೆ. ಕಡಿದ ಬಿದಿರು ಬೇಗ ಕೊಳೆಯುವುದಾದರೋ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆಯಾಗಿರುವ ಪಶ್ಚಿಮದಂಚಿನಲ್ಲಿ. ಹಾಗಾಗಿ ನರಸಿಂಹರಾಜಪುರದಲ್ಲಿ ಸರಿಹೋಗುವ ಕಟ್ಟಡ ವಿನ್ಯಾಸ ಕಿಗ್ಗದಲ್ಲಿ ಸರಿಹೋಗಬೇಕೆಂದಿಲ್ಲ.

ಸಸ್ಯ ಮತ್ತು ಬೆಳವಣಿಗೆ

ಜಗತ್ತಿನಲ್ಲಿ 1,600ಕ್ಕೂ ಹೆಚ್ಚು ಬಿದಿರು ಪ್ರಭೇದಗಳಿವೆ. ಭಾರತದಲ್ಲಿ ಸುಮಾರು 136 ದಾಖಲಾಗಿವೆ. 2021ರ ಭಾರತ ಅರಣ್ಯ ಸ್ಥಿತಿ ವರದಿಯ ಪ್ರಕಾರ ದೇಶದ ಬಿದಿರು ಪ್ರದೇಶ ಸುಮಾರು 1.49 ಲಕ್ಷ ಚದರ ಕಿಲೋಮೀಟರ್.

ಮರ ವರ್ಷವರ್ಷವೂ ದಪ್ಪವಾಗುತ್ತದೆ, ಬಿದಿರು ಹಾಗಲ್ಲ. ಕಳಲೆ ಮಣ್ಣಿನಿಂದ ಹೊರಬರುವಾಗ ಎಷ್ಟು ದಪ್ಪವೋ ಗಳ ಕೊನೆಯವರೆಗೂ ಅಷ್ಟೇ ದಪ್ಪ. ಮುಂಗಾರಿನಲ್ಲಿ ಎದ್ದ ಕಳಲೆ ಎರಡರಿಂದ ನಾಲ್ಕು ತಿಂಗಳಲ್ಲಿ ಪೂರ್ಣ ಎತ್ತರಕ್ಕೆ ಏರುತ್ತದೆ. ಆದರೆ ಎತ್ತರ ಬಂದ ಮಾತ್ರಕ್ಕೆ ಬಲ ಬಂದಂತಲ್ಲ. ಮೊದಲ ವರ್ಷದ ಗಳದಲ್ಲಿ ನೀರು ಹೆಚ್ಚು, ನಾರಿನ ಗೋಡೆ ತೆಳು. ಮೂರರಿಂದ ಐದು ವರ್ಷಗಳ ಅವಧಿಯಲ್ಲಿ ನಾರು ಗಟ್ಟಿಯಾಗಿ, ಗಳ ಕಟ್ಟಡಕ್ಕೆ ತಕ್ಕದ್ದಾಗುತ್ತದೆ. ಅದಕ್ಕೂ ಹೆಚ್ಚು ಕಾಲ ಮೆಳೆಯಲ್ಲೇ ಬಿಟ್ಟರೆ ಕ್ರಮೇಣ ಒಣಗಿ ಬಲಗುಂದುತ್ತದೆ.

ಬಲಿತ ಗಳವನ್ನು ಕಡಿದರೂ ನೆಲದೊಳಗಿನ ಗಡ್ಡೆ ಬದುಕಿರುತ್ತದೆ, ಮುಂದಿನ ಮಳೆಗೆ ಹೊಸ ಕಳಲೆ ಏಳುತ್ತದೆ. ಒಂದೇ ಮೆಳೆಯಿಂದ ದಶಕಗಳ ಕಾಲ ಪ್ರತಿವರ್ಷ ಇಳುವರಿ ಪಡೆಯಲು ಇದೇ ಕಾರಣ. ತೇಗವೋ ಹೊನ್ನೆಯೋ ತೊಲೆಯ ಗಾತ್ರಕ್ಕೆ ಬರಲು ಹಲವು ದಶಕ ಬೇಕಾಗುವಲ್ಲಿ, ಬಿದಿರಿನ ಚಕ್ರ ನಾಲ್ಕೈದು ವರ್ಷಗಳದ್ದು.

ಬಹುತೇಕ ಪ್ರಭೇದಗಳು ಜೀವಮಾನದಲ್ಲಿ ಒಮ್ಮೆ ಮಾತ್ರ, ಒಂದು ಪ್ರದೇಶದ ಮೆಳೆಗಳೆಲ್ಲ ಒಟ್ಟಾಗಿ ಹೂ ಬಿಟ್ಟು ಸಾಯುತ್ತವೆ. ಹೆಬ್ಬಿದಿರಿನಲ್ಲಿ ಈ ಅಂತರ ಸುಮಾರು 40ರಿಂದ 45 ವರ್ಷ. ಉದುರಿದ ಬೀಜವೇ ಬಿದಿರಕ್ಕಿ. ಬೀಜದಿಂದ ಎದ್ದ ಸಸಿಗಳು ಪೂರ್ಣ ದಪ್ಪದ ಗಳ ಕೊಡಲು ಹತ್ತಕ್ಕೂ ಹೆಚ್ಚು ವರ್ಷ ಹಿಡಿಯುತ್ತದೆ. ಪೂರೈಕೆಯ ಯೋಜನೆಯಲ್ಲಿ ಈ ನಡುವಿನ ಬರಗಾಲವನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಪ್ರಭೇದಗಳು

ಹೆಬ್ಬಿದಿರು ಅಥವಾ ಮುಳ್ಳುಬಿದಿರು (ಬಾಂಬೂಸಾ ಬಾಂಬೋಸ್) ಮಲೆನಾಡಿನ ಮುಖ್ಯ ಬಿದಿರು. 15ರಿಂದ 30 ಮೀಟರ್ ಎತ್ತರ, 10ರಿಂದ 18 ಸೆಂಟಿಮೀಟರ್ ವ್ಯಾಸ, ಬುಡದಲ್ಲಿ ದಪ್ಪ ಗೋಡೆ. ಬುಡದ ಸುತ್ತ ಹೆಣೆದುಕೊಂಡ ಮುಳ್ಳುಕೊಂಬೆಗಳಿಂದ ಕಡಿಯುವುದು ಕಷ್ಟ. ಕಂಬ, ತೊಲೆ, ಅಟ್ಟಗಳಿಗೆ ಬಳಕೆ.

ಕಿರುಬಿದಿರು (ಡೆಂಡ್ರೊಕಲಾಮಸ್ ಸ್ಟ್ರಿಕ್ಟಸ್) ಹೆಚ್ಚು ಒಣ ಕಾಡಿನದು. ವ್ಯಾಸ 2.5ರಿಂದ 8 ಸೆಂಟಿಮೀಟರ್. ಒಳಗಿನ ಟೊಳ್ಳು ಬಹಳ ಕಿರಿದು. ಒಣಭೂಮಿಯಲ್ಲಿ ಬೆಳೆದದ್ದು ಬಹುತೇಕ ಗಟ್ಟಿಯೇ ಇರುತ್ತದೆ. ಜಂತಿ, ರೀಪು ಮತ್ತು ದೊಣ್ಣೆಗಳಿಗೆ ತಕ್ಕದ್ದು.

ಮರಿಹಾಳ ಬಿದಿರು (ಡೆಂಡ್ರೊಕಲಾಮಸ್ ಸ್ಟಾಕ್ಸಿ) ಕೊಂಕಣ, ಗೋವಾ, ಕರ್ನಾಟಕದ ಕರಾವಳಿ ಮತ್ತು ಉತ್ತರ ಕೇರಳದ ಬೇಲಿಸಾಲುಗಳಲ್ಲಿ ಬೆಳೆಯುತ್ತ ಬಂದ ಮುಳ್ಳಿಲ್ಲದ, ನೆಟ್ಟಗಿನ, ಗಟ್ಟಿ ಒಡಲಿನ ಬಿದಿರು. ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದರ ಸಸ್ಯಾಭಿವೃದ್ಧಿಗೆ ವಿಶೇಷ ಗಮನ ಕೊಟ್ಟಿದೆ. ತೋಟದ ಅಂಚಿನಲ್ಲಿ ಬೆಳೆಯಲು ಅನುಕೂಲವಾದ್ದರಿಂದ ರೈತರಿಗೆ ಒಪ್ಪುವ ಪ್ರಭೇದ.

ಬರ್ಮಾ ಬಿದಿರು (ಡೆಂಡ್ರೊಕಲಾಮಸ್ ಬ್ರಾಂಡಿಸಿ) ಮ್ಯಾನ್ಮಾರ್ ಮೂಲದ್ದು, ಕೊಡಗಿನ ಕಾಫಿ ತೋಟಗಳಲ್ಲಿ ನೆಲೆಯೂರಿದೆ. ದಪ್ಪ ಗಳ, ಮುಳ್ಳಿಲ್ಲ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಇದರ ಸಸಿ ಬೆಳೆಸುವ ವಿಧಾನಗಳ ಮೇಲೆ ಕೆಲಸ ಮಾಡಿದೆ.

ವಾಟೆ (ಆಕ್ಲಾಂಡ್ರಾ ಜಾತಿ) ಹೊಳೆದಡದ, ತೆಳುಗೋಡೆಯ ಬಿದಿರು. ಭಾರ ಹೊರುವ ಕೆಲಸಕ್ಕೆ ಆಗದು. ಚಾಪೆ, ಬುಟ್ಟಿ ಮತ್ತು ಹಗುರ ತಟ್ಟಿಗಳಿಗೆ ಸೈ.

ಗಳದ ರಚನೆ ಮತ್ತು ಬಲ

ಬಿದಿರಿನ ಗೋಡೆಯಲ್ಲಿ ಸುಮಾರು ಅರ್ಧ ಭಾಗ ಮೃದು ಅಂಗಾಂಶ, ಶೇ. 40ರಷ್ಟು ನಾರು, ಉಳಿದದ್ದು ನೀರು ಮತ್ತು ಆಹಾರ ಸಾಗಿಸುವ ನಾಳ. ನಾರು ಎಲ್ಲೆಡೆ ಸಮನಾಗಿ ಹರಡಿಲ್ಲ. ಹೊರಮೈಯ ಕಡೆ ಒತ್ತಾಗಿಯೂ ಒಳಗಡೆ ವಿರಳವಾಗಿಯೂ ಇದೆ. ಗಾಳಿಗೆ ಬಾಗುವಾಗ ಅತಿ ಹೆಚ್ಚು ಎಳೆತ ಬೀಳುವುದು ಹೊರಮೈಗೇ ಆದ್ದರಿಂದ, ಕಡಿಮೆ ವಸ್ತುವಿನಲ್ಲಿ ಹೆಚ್ಚು ಬಲ ಸಾಧ್ಯವಾಗಿದೆ. ಗೆಣ್ಣುಗಳಲ್ಲಿರುವ ಅಡ್ಡಪರದೆ ಟೊಳ್ಳು ಕೊಳವೆ ಚಪ್ಪಟೆಯಾಗದಂತೆ ತಡೆಯುತ್ತದೆ.

ಒಣ ಬಿದಿರಿನ ಸಾಂದ್ರತೆ ಘನ ಮೀಟರಿಗೆ ಸಾಮಾನ್ಯವಾಗಿ 600ರಿಂದ 800 ಕಿಲೋಗ್ರಾಂ. ನಾರಿನ ದಿಕ್ಕಿನಲ್ಲಿ ಎಳೆತ ತಾಳುವ ಶಕ್ತಿ ಹಲವು ಪ್ರಭೇದಗಳಲ್ಲಿ ಚದರ ಮಿಲಿಮೀಟರಿಗೆ 100 ನ್ಯೂಟನ್‌ಗೂ ಮೇಲು. ತೂಕಕ್ಕೆ ಹೋಲಿಸಿದರೆ ಇದು ಉಕ್ಕಿನ ಸಾಲಿನಲ್ಲಿ ನಿಲ್ಲುವ ಗುಣ. ಬಾಗದೆ ನಿಲ್ಲುವ ಬಿಗಿಯಲ್ಲಿ ಮಾತ್ರ ಉಕ್ಕು ಬಹಳ ಮುಂದಿದೆ: ಬಿದಿರಿನ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 10ರಿಂದ 20 ಗಿಗಾಪಾಸ್ಕಲ್ ಇದ್ದರೆ ಉಕ್ಕಿನದು 200.

ದೌರ್ಬಲ್ಯಗಳೂ ಸ್ಪಷ್ಟ. ನಾರಿಗೆ ಅಡ್ಡಲಾಗಿ ಎಳೆತ ಬಿದ್ದರೆ ಬಿದಿರು ಉದ್ದಕ್ಕೆ ಸುಲಭವಾಗಿ ಸೀಳುತ್ತದೆ; ನೇರವಾಗಿ ಮೊಳೆ ಹೊಡೆದರೆ ಬಿರುಕು ಬಿಡುತ್ತದೆ. ಒಂದು ಗಳದ ಬುಡ ಮತ್ತು ತುದಿಯ ವ್ಯಾಸ ಒಂದೇ ಅಲ್ಲ, ಎರಡು ಗಳಗಳು ಒಂದೇ ಅಳತೆಯವಲ್ಲ. ಒಳಗಿರುವ ಪಿಷ್ಟ ಕೀಟಗಳಿಗೆ ಆಹಾರ. ಬೆಂಕಿಗೂ ಬೇಗ ತುತ್ತಾಗುತ್ತದೆ.

ಸಾಂಪ್ರದಾಯಿಕ ಬಳಕೆ

ಮಲೆನಾಡಿನಲ್ಲಿ ಬಿದಿರಿನ ಸ್ಥಾನ ಮನೆಯೊಡೆಯನ ಅಂತಸ್ತಿಗೆ ತಕ್ಕಂತೆ ಬದಲಾಗುತ್ತಿತ್ತು. ಅಡಿಕೆ ತೋಟದ ಒಡೆಯರ ತೊಟ್ಟಿಮನೆಗಳಲ್ಲಿ ಕಂಬ, ತೊಲೆ, ಬಾಗಿಲುಗಳೆಲ್ಲ ಹಲಸು, ಹೊನ್ನೆ, ಮತ್ತಿಯಂಥ ಮರದವು. ಗೋಡೆ ಮಣ್ಣಿನದು ಅಥವಾ ಜಂಬಿಟ್ಟಿಗೆಯದು. ಅಂಥ ಮನೆಯಲ್ಲಿ ಬಿದಿರು ಕಾಣುತ್ತಿದ್ದುದು ಅಟ್ಟದ ಹಾಸಿನಲ್ಲಿ, ಕೊಟ್ಟಿಗೆಯಲ್ಲಿ, ಸೌದೆಮನೆಯಲ್ಲಿ, ಅಂಗಳದ ಚಪ್ಪರದಲ್ಲಿ. ಕೂಲಿಕಾರರ ಬಿಡಾರ ಮತ್ತು ಗುಡಿಸಲುಗಳಲ್ಲಾದರೆ ಬಿದಿರೇ ಇಡೀ ಚೌಕಟ್ಟು: ನೆಲಕ್ಕೆ ಊರಿದ ಗಳದ ಕಂಬ, ದಬ್ಬೆಯ ತಡಿಕೆಗೆ ಎರಡೂ ಕಡೆ ಮಣ್ಣು ಮೆತ್ತಿದ ಗೋಡೆ, ಗಳದ ಜಂತಿಯ ಮೇಲೆ ಹುಲ್ಲು ಅಥವಾ ಅಡಿಕೆ ಸೋಗೆಯ ಹೊದಿಕೆ. ಬಿಗಿಯಲು ಬೆತ್ತ, ಕಾಡುಬಳ್ಳಿ ಮತ್ತು ನಾರಿನ ಹಗ್ಗ.

ಈ ಮನೆಗಳ ಬಾಳಿಕೆ ವರ್ಷಂಪ್ರತಿ ದುರಸ್ತಿಯ ಮೇಲೆ ನಿಂತಿತ್ತು. ಮಳೆಗಾಲಕ್ಕೆ ಮುನ್ನ ಸೋಗೆ ಬದಲಿಸುವುದು, ಗಾಳಿಮಳೆ ಬಡಿಯುವ ಗೋಡೆಗೆ ಸೋಗೆಯ ತಟ್ಟಿ ಕಟ್ಟುವುದು, ಕೊಳೆತ ಕಂಬದ ಬುಡ ಕಡಿದು ಹೊಸದು ನಿಲ್ಲಿಸುವುದು ಬೇಸಿಗೆಯ ಕೆಲಸಗಳಾಗಿದ್ದವು. ಒಲೆಯ ಮೇಲಿನ ಅಟ್ಟದ ಬಿದಿರು ಮಾತ್ರ ತಲೆಮಾರುಗಟ್ಟಲೆ ಉಳಿಯುತ್ತಿತ್ತು. ದಿನವೂ ಏರುವ ಹೊಗೆ ಅದನ್ನು ಒಣಗಿಸಿ, ಹೊರಪದರಕ್ಕೆ ಮಸಿ ಹಿಡಿಸಿ, ಕೀಟವನ್ನು ದೂರವಿಡುತ್ತಿದ್ದುದೇ ಅದಕ್ಕೆ ಕಾರಣ.

ಮನೆಯ ಆಚೆಗೂ ಬಳಕೆ ವಿಸ್ತಾರವಾಗಿತ್ತು. ಬೇಲಿ, ಉಣುಗೋಲು, ಅಡಿಕೆ ಒಣಗಿಸುವ ಚಪ್ಪರ, ನೀರು ಹಾಯಿಸುವ ದಂಬೆ, ಕೊನೆ ಕೊಯ್ಯುವ ದೋಟಿ, ಗದ್ದೆ ಕೆಲಸದಲ್ಲಿ ಮಳೆಗೆ ಹಿಡಿಯುವ ಗೊರಬಿನ ಹಂದರ, ಎಲ್ಲಕ್ಕೂ ಬಿದಿರೇ ಬೇಕು.

ಮಾಡಿನಿಂದ ಬಿದಿರು ಹಿಂದೆ ಸರಿದದ್ದು ಹೆಂಚಿನ ಕಾಲದಲ್ಲಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿತು. ಮುಂದಿನ ದಶಕಗಳಲ್ಲಿ ಮಂಗಳೂರು ಹೆಂಚು ಘಟ್ಟವೇರಿತು. ಒಂದೊಂದು ಹೆಂಚೂ ಎರಡು ಕಿಲೋಗ್ರಾಂಗೂ ಹೆಚ್ಚು ತೂಗುತ್ತದೆ. ಸಾಲುಗಳು ಒಂದಕ್ಕೊಂದು ಕೂರಲು ರೀಪುಗಳು ನೇರವಾಗಿಯೂ ಸಮ ಅಂತರದಲ್ಲಿಯೂ ಇರಬೇಕು. ಡೊಂಕುಡೊಂಕಾದ, ದಪ್ಪ ಬೇರೆಬೇರೆಯಾದ ಗಳಕ್ಕಿಂತ ಕೊಯ್ದ ಮರದ ಪಕಾಸಿ ಮತ್ತು ರೀಪು ಇದಕ್ಕೆ ಹೊಂದಿದವು.

ಕುಶಲಕರ್ಮಿಗಳು

ಬಿದಿರು ಕೆಲಸವನ್ನು ಕುಲವೃತ್ತಿಯಾಗಿ ಉಳಿಸಿಕೊಂಡು ಬಂದವರು ಮೇದಾರರು. 12ನೇ ಶತಮಾನದ ಶರಣ ಮೇದಾರ ಕೇತಯ್ಯ ಈ ಕಾಯಕದವನು. ಬುಟ್ಟಿ, ಮೊರ, ಕಣಜ, ಚಾಪೆ, ತಟ್ಟಿ ಇವರ ಮುಖ್ಯ ತಯಾರಿಕೆ. ಸಂಸತ್ತಿನ 2002ರ ತಿದ್ದುಪಡಿ ಕಾಯ್ದೆಯ ಮೂಲಕ ಕರ್ನಾಟಕದ ಮೇದಾರಿ, ಗೌರಿಗ, ಬುರುಡ ಸಮುದಾಯಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. ಗಳದ ವಯಸ್ಸನ್ನು ಬಣ್ಣ, ಮೈಮೇಲಿನ ಹಾವಸೆ ಮತ್ತು ತಟ್ಟಿದಾಗ ಬರುವ ಸದ್ದಿನಿಂದ ಗುರುತಿಸುವ, ಗೆಣ್ಣು ಮುರಿಯದಂತೆ ಸೀಳುವ ಪರಿಣತಿ ಈ ಸಮುದಾಯದಲ್ಲಿದೆ. ಪ್ಲಾಸ್ಟಿಕ್ ಬುಟ್ಟಿ ಮತ್ತು ಚೀಲಗಳು ಬಂದ ಮೇಲೆ ಇವರ ಮಾರುಕಟ್ಟೆ ಕುಗ್ಗಿತು. ಕಾಡಿನ ಬಿದಿರು ಕೈಗೆಟುಕುವುದೂ ಕಡಿಮೆಯಾಯಿತು.

ಕಡಿತ ಮತ್ತು ಸಂಸ್ಕರಣೆ

ಮೆಳೆ ಉಳಿಯಬೇಕಾದರೆ ಕಡಿತಕ್ಕೆ ಕ್ರಮ ಬೇಕು. ಮೂರು ವರ್ಷ ತುಂಬಿದ ಗಳ ಮಾತ್ರ ಕಡಿಯಬೇಕು; ಆ ವರ್ಷದ ಮತ್ತು ಹಿಂದಿನ ವರ್ಷದ ಗಳಗಳನ್ನು ಬಿಡಬೇಕು. ಹೊಸ ಕಳಲೆಗಳು ಮೆಳೆಯ ಹೊರ ಅಂಚಿನಲ್ಲಿ ಏಳುವುದರಿಂದ, ಒಂದು ಕಡೆಯಿಂದ ಒಳಹೊಕ್ಕು ನಡುವಿನ ಹಳೆಯ ಗಳ ತೆಗೆಯುವ ಕುದುರೆಲಾಳದ ಆಕಾರದ ಕಡಿತ ರೂಢಿಯಲ್ಲಿದೆ. ನೆಲಕ್ಕೆ ಹತ್ತಿರದ ಗೆಣ್ಣಿನ ಮೇಲ್ಭಾಗಕ್ಕೆ ಸರಿಯಾಗಿ ಕಡಿದರೆ ಮೋಟಿನ ಟೊಳ್ಳಿನಲ್ಲಿ ನೀರು ನಿಂತು ಬುಡ ಕೊಳೆಯುವುದಿಲ್ಲ. ಕಳಲೆ ಏಳುವ ಮಳೆಗಾಲದಲ್ಲಿ ಕಡಿತ ಸಲ್ಲದು.

ಮಳೆ ನಿಂತ ಮೇಲಿನ ಚಳಿಗಾಲದ ತಿಂಗಳುಗಳು ಕಡಿತಕ್ಕೆ ಒಳ್ಳೆಯವು. ಆಗ ಗಳದಲ್ಲಿ ಪಿಷ್ಟವೂ ನೀರೂ ಕಡಿಮೆ, ಒಣಗಿಸಲು ಬಿಸಿಲೂ ಸಿಗುತ್ತದೆ. ಕೃಷ್ಣಪಕ್ಷದಲ್ಲಿ ಕಡಿದ ಬಿದಿರಿಗೆ ಕುಟ್ಟೆ ಹಿಡಿಯದು ಎಂಬ ರೂಢಿಯೂ ಹಳ್ಳಿಗಳಲ್ಲಿದೆ.

ಸಂಸ್ಕರಿಸದ ಬಿದಿರು ಮಣ್ಣಿಗೆ ತಾಗಿದ್ದರೆ ಒಂದರಿಂದ ಮೂರು ವರ್ಷ, ಮಾಡಿನ ಕೆಳಗೆ ಒಣಗಿದ್ದರೆ ನಾಲ್ಕರಿಂದ ಏಳು ವರ್ಷ ಬಾಳುತ್ತದೆ ಎಂಬುದು ಸಾಮಾನ್ಯ ಅಂದಾಜು. ಬಲಿಯಲು ನಾಲ್ಕು ವರ್ಷ ಹಿಡಿದ ಗಳ ಎರಡೇ ವರ್ಷದಲ್ಲಿ ಮಣ್ಣುಪಾಲಾದರೆ ಅದು ಸುಸ್ಥಿರ ಬಳಕೆಯಾಗದು. ಸಂಸ್ಕರಣೆಯ ಮಹತ್ವ ಇರುವುದು ಇಲ್ಲಿ.

ಹಳೆಯ ವಿಧಾನಗಳಲ್ಲಿ ಮುಖ್ಯವಾದುದು ಹರಿಯುವ ಹಳ್ಳ ಅಥವಾ ಕೆರೆಯಲ್ಲಿ ಕೆಲವು ವಾರ ಮುಳುಗಿಸಿಡುವುದು. ಪಿಷ್ಟ ಮತ್ತು ಸಕ್ಕರೆ ನೀರಿಗೆ ಇಳಿದುಹೋಗಿ ಕುಟ್ಟೆಯ ಕಾಟ ತಗ್ಗುತ್ತದೆ. ಗೆದ್ದಲು ಮತ್ತು ಶಿಲೀಂಧ್ರಕ್ಕೆ ಮಾತ್ರ ಇದು ಸಾಲದು. ಹೊಗೆ ಹಾಕುವುದು ಇನ್ನೊಂದು ಕ್ರಮ.

ಇಂದು ಹೆಚ್ಚು ಬಳಕೆಯಲ್ಲಿರುವುದು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ. ಗೆಣ್ಣಿನ ಪರದೆಗಳನ್ನು ಉದ್ದನೆಯ ಸರಳಿನಿಂದ ತೂತು ಮಾಡಿ, ಗಳವನ್ನು ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಹಸಿ ಗಳವಾದರೆ ಒತ್ತಡದಿಂದ ಒಂದು ತುದಿಯಲ್ಲಿ ದ್ರಾವಣ ನುಗ್ಗಿಸಿ ಇನ್ನೊಂದು ತುದಿಯಿಂದ ಸಸ್ಯರಸ ಹೊರಹಾಕುವ ಬೂಷೆರಿ ವಿಧಾನವೂ ಇದೆ. ಬೋರಾನ್ ಲವಣಗಳಿಂದ ಮನುಷ್ಯರಿಗೆ ಅಪಾಯ ಕಡಿಮೆ, ಆದರೆ ಅವು ನೀರಿನಲ್ಲಿ ಕರಗುತ್ತವೆ. ಮಳೆಗೆ ಒಡ್ಡಿದ ಗಳದಿಂದ ತೊಳೆದುಹೋಗುವುದರಿಂದ ಮಲೆನಾಡಿನಲ್ಲಿ ಇದನ್ನು ಮಾಡಿನ ಕೆಳಗಿನ ಭಾಗಗಳಿಗಷ್ಟೇ ನೆಚ್ಚಬಹುದು. ತೊಳೆದುಹೋಗದ ತಾಮ್ರ–ಕ್ರೋಮಿಯಂ–ಆರ್ಸೆನಿಕ್ ಲವಣಗಳು ಹೆಚ್ಚು ಪರಿಣಾಮಕಾರಿ, ಜೊತೆಗೆ ವಿಷಕಾರಿಯೂ ಹೌದು. ವಸತಿ ಕಟ್ಟಡಗಳಲ್ಲಿ ಅವುಗಳ ಬಳಕೆಯನ್ನು ಹಲವು ದೇಶಗಳು ನಿರ್ಬಂಧಿಸಿವೆ.

ಸರಿಯಾಗಿ ಸಂಸ್ಕರಿಸಿ, ಒಣಗಿಸಿ, ಮಳೆಯಿಂದ ಕಾಪಾಡಿದ ಬಿದಿರು ಎರಡು ಮೂರು ದಶಕ ಬಾಳಬಲ್ಲದು.

ಕಟ್ಟುವ ಕ್ರಮ

ಬಿದಿರು ಮನೆಯ ಮೊದಲ ನಿಯಮ ಗಳಕ್ಕೆ ನೆಲದ ತೇವವೂ ಆಕಾಶದ ನೀರೂ ತಾಗದಂತೆ ನೋಡಿಕೊಳ್ಳುವುದು. ಪಂಚಾಂಗವನ್ನು ಜಂಬಿಟ್ಟಿಗೆ ಅಥವಾ ಕಾಡುಗಲ್ಲಿನಿಂದ ನೆಲಮಟ್ಟಕ್ಕಿಂತ ಒಂದೂವರೆ ಅಡಿಯಾದರೂ ಎತ್ತರಿಸಿ, ಕಂಬವನ್ನು ಕಲ್ಲಿನ ಅಥವಾ ಕಾಂಕ್ರೀಟಿನ ಪೀಠದ ಮೇಲೆ ಕಬ್ಬಿಣದ ಸರಳಿಗೆ ಬಿಗಿದು ನಿಲ್ಲಿಸುತ್ತಾರೆ. ಸೂರನ್ನು ಗೋಡೆಯಿಂದ ಮೂರು ನಾಲ್ಕು ಅಡಿ ಮುಂದೆ ಚಾಚುತ್ತಾರೆ. ಜಗಲಿಯನ್ನು ಸುತ್ತುವರಿಸುವ ಮಲೆನಾಡ ಪದ್ಧತಿ ಇದಕ್ಕೆ ಚೆನ್ನಾಗಿ ಹೊಂದುತ್ತದೆ, ಓರೆಮಳೆ ಜಗಲಿಯಲ್ಲೇ ನಿಲ್ಲುತ್ತದೆ.

ಜೋಡಣೆಯಲ್ಲಿ ಮೊಳೆಯ ಬದಲು ತೂತು ಕೊರೆದು ಬೋಲ್ಟು ಬಿಗಿಯುವುದು, ಹೆಚ್ಚು ಭಾರ ಬೀಳುವ ಸಂದಿಯಲ್ಲಿ ಟೊಳ್ಳಿನೊಳಗೆ ಸಿಮೆಂಟ್ ಗಾರೆ ತುಂಬುವುದು ಆಧುನಿಕ ಕ್ರಮ. ಗಾರೆ ತುಂಬುವ ಈ ತಂತ್ರವನ್ನು ದೊಡ್ಡ ಕಟ್ಟಡಗಳಿಗೆ ಬಳಸಿ ಪ್ರಸಿದ್ಧಗೊಳಿಸಿದವನು ಕೊಲಂಬಿಯಾದ ವಾಸ್ತುಶಿಲ್ಪಿ ಸಿಮೋನ್ ವೆಲೆಸ್.

ಗೋಡೆಗೆ ಎರಡು ಬಗೆ. ಒಂದು, ತಡಿಕೆಗೆ ಮಣ್ಣು, ಸುಣ್ಣ ಮೆತ್ತುವ ಹಳೆಯ ಬಗೆ. ಇನ್ನೊಂದು, ದಬ್ಬೆಯ ಜಾಲಿಗೆ ತಂತಿಬಲೆ ಬಿಗಿದು ಎರಡೂ ಕಡೆ ಸಿಮೆಂಟ್ ಗಾರೆ ಬಳಿದ, ಸುಮಾರು 50 ಮಿಲಿಮೀಟರ್ ದಪ್ಪದ ತೆಳುಗೋಡೆ. ಎರಡನೆಯದನ್ನು ಬೆಂಗಳೂರಿನ ಭಾರತೀಯ ಪ್ಲೈವುಡ್ ಉದ್ಯಮ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯು ಬ್ರಿಟನ್ನಿನ ಟ್ರಾಡಾ ಸಂಸ್ಥೆಯೊಂದಿಗೆ ಸೇರಿ ರೂಪಿಸಿತು. ಹೀಗೆ ಕಟ್ಟಿದ ಮನೆಯ ಮಾದರಿಯನ್ನು ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯ ಕಂಪನ ವೇದಿಕೆಯ ಮೇಲೆ ತೀವ್ರ ಭೂಕಂಪದ ಮಟ್ಟದ ಅಲುಗಾಟಕ್ಕೆ ಒಡ್ಡಿದಾಗ ಅದು ತಾಳಿಕೊಂಡಿತು. 1991ರ ಏಪ್ರಿಲ್‌ನಲ್ಲಿ ಕೋಸ್ಟರಿಕಾದ ಲಿಮೋನ್ ಪ್ರದೇಶದಲ್ಲಿ ಭೂಕಂಪವಾದಾಗಲೂ ಅಲ್ಲಿನ ರಾಷ್ಟ್ರೀಯ ಯೋಜನೆಯಡಿ ಕಟ್ಟಿದ್ದ ಬಿದಿರು ಮನೆಗಳು ಉಳಿದವು.

ಮಾಡಿಗೆ ಹೆಂಚು ಹೊದಿಸುವುದಾದರೆ ಬಿದಿರಿನ ಜಂತಿಗಳನ್ನು ಒತ್ತಾಗಿ ಜೋಡಿಸಬೇಕು. ಬಿದಿರು ಚಾಪೆಗಳನ್ನು ಅಂಟಿನೊಡನೆ ಒತ್ತಿ ತಯಾರಿಸಿದ ಅಲೆತಗಡು ಹಗುರ. ಕಬ್ಬಿಣದ ತಗಡಿನಷ್ಟು ಕಾಯುವುದಿಲ್ಲ, ಮಳೆಯ ಸದ್ದೂ ಕಡಿಮೆ.

ಕಾರ್ಖಾನೆ ತಯಾರಿಕೆಗಳು

ಗಳದ ಅಳತೆ ಒಂದೇ ಸಮನಿಲ್ಲದ ತೊಡಕನ್ನು ನೀಗಲು ಬಿದಿರನ್ನು ಸೀಳಿ, ಅಂಟಿಸಿ, ಒತ್ತಿ ಹಲಗೆ ಮಾಡುವ ವಿಧಾನಗಳು ಬೆಳೆದಿವೆ. ಬಿದಿರು ಚಾಪೆ ಹಲಗೆ, ಪಟ್ಟಿಹಲಗೆ, ನಾರು ಒತ್ತಿದ ತೊಲೆ ಇವುಗಳಲ್ಲಿ ಮುಖ್ಯ. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನ ಒಳಛಾವಣಿ ಇಂಥ ತಯಾರಿಸಿದ ಬಿದಿರಿನ ಬಳಕೆಗೆ ಕರ್ನಾಟಕದ ಅತಿ ದೊಡ್ಡ ಉದಾಹರಣೆಗಳಲ್ಲಿ ಒಂದು. ಈ ಹಲಗೆಗಳು ಅಂಟು ಮತ್ತು ಶಾಖದ ವೆಚ್ಚವನ್ನು ಹೊತ್ತುಕೊಂಡೇ ಬರುತ್ತವೆ. ದುಂಡು ಗಳದ ಸರಳತೆ ಇವುಗಳಿಗಿಲ್ಲ.

ಸುಸ್ಥಿರತೆಯ ಲೆಕ್ಕ

ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟ್ ತಯಾರಿಕೆಯ ಪಾಲು ಸುಮಾರು ಶೇ. 7–8. ಬಿದಿರು ಬೆಳೆಯುವಾಗ ಇಂಗಾಲವನ್ನು ಹೀರುತ್ತದೆ. ಅದರ ಒಣ ತೂಕದ ಸುಮಾರು ಅರ್ಧ ಇಂಗಾಲವೇ. ಆದರೆ ಗಳ ಕೊಳೆತಾಗ ಅಥವಾ ಉರಿದಾಗ ಈ ಇಂಗಾಲ ಗಾಳಿಗೆ ಮರಳುತ್ತದೆ. ಆದ್ದರಿಂದ ಮನೆಯಲ್ಲಿ ಗಳ ಎಷ್ಟು ವರ್ಷ ನಿಲ್ಲುತ್ತದೋ ಅಷ್ಟು ಲಾಭ.

ಸಾಗಣೆಯೂ ಲೆಕ್ಕಕ್ಕೆ ಬರುತ್ತದೆ. ಟೊಳ್ಳು ಗಳ ಲಾರಿಯಲ್ಲಿ ತೂಕಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ದೂರದ ರಾಜ್ಯದಿಂದ ತರಿಸಿದ ಬಿದಿರಿಗಿಂತ ತೋಟದಂಚಿನ ಮೆಳೆಯದು, ಸ್ಥಳೀಯ ಮಣ್ಣು ಮತ್ತು ಜಂಬಿಟ್ಟಿಗೆಯೊಡನೆ ಸೇರಿದಾಗ, ಪರಿಸರಕ್ಕೆ ಹಗುರ. ಹೊಳೆದಡದ ಮೆಳೆಯ ಒತ್ತು ಬೇರುಗಳು ಮೇಲ್ಮಣ್ಣನ್ನು ಹಿಡಿದಿಡುತ್ತವೆ. ಬೇರು ಆಳಕ್ಕೆ ಇಳಿಯದ ಕಾರಣ ಗುಡ್ಡದ ಆಳದ ಕುಸಿತವನ್ನು ಬಿದಿರೊಂದೇ ತಡೆಯಲಾರದು.

ಕಾಡಿನ ಬಿದಿರಿಗೆ ಬೇರೆ ಹಕ್ಕುದಾರರಿದ್ದಾರೆ. ಆನೆ, ಕಾಟಿ, ಕಡವೆಗಳಿಗೆ ಅದು ಮೇವು. ಪಶ್ಚಿಮಘಟ್ಟದ ಕಾಡುಗಳಲ್ಲಿ ಬಿದಿರು ಹೂ ಬಿಟ್ಟು ಸತ್ತಾಗ ಆನೆಗಳಿಗೆ ಮೇವಿನ ದೊಡ್ಡ ಆಸರೆಯೊಂದು ತಪ್ಪುತ್ತದೆ. ಕಾಡಂಚಿನ ತೋಟ ಗದ್ದೆಗಳಿಗೆ ಆನೆಗಳು ಬರುವ ಸಮಸ್ಯೆ ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ತಾಲ್ಲೂಕುಗಳಲ್ಲೂ ಇದೆ. ಮನೆ ಕಟ್ಟಲು ಬೇಕಾದ ಬಿದಿರನ್ನು ಖಾಸಗಿ ಜಮೀನಿನಲ್ಲೇ ಬೆಳೆಯಬೇಕೆಂಬ ವಾದಕ್ಕೆ ಇದು ಮುಖ್ಯ ಆಧಾರ.

ಕಾಗದ ಗಿರಣಿಗಳ ಅನುಭವ

ಮತ್ತೆ ಬೆಳೆಯುವ ಸಂಪತ್ತೂ ಬರಿದಾಗಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲೇ ದಾಖಲೆಯಿದೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು. ಮಲೆನಾಡಿನ ಕಾಡುಗಳ ಬಿದಿರು ಅದರ ಕಚ್ಚಾವಸ್ತುಗಳಲ್ಲಿ ಒಂದಾಗಿತ್ತು. ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಗೆ 1950ರ ದಶಕದ ಕೊನೆಯಲ್ಲಿ ಉತ್ತರ ಕನ್ನಡದ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂಥ ಅತ್ಯಲ್ಪ ದರಕ್ಕೆ ಕೊಡಲಾಯಿತು. ಬುಟ್ಟಿ ಹೆಣೆಯುವವರು ಕೊಳ್ಳುತ್ತಿದ್ದ ಬೆಲೆ ಇದಕ್ಕಿಂತ ಬಹಳ ಹೆಚ್ಚು.

1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಎಸ್. ಎನ್. ಪ್ರಸಾದ್ ಈ ಕಾಡುಗಳ ಬಿದಿರನ್ನು ಅಧ್ಯಯನ ಮಾಡಿದರು. ಬೆಳವಣಿಗೆ ಚುರುಕಾಗಲೆಂದು ಕಡಿತದ ನಿಯಮದಂತೆ ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ಸವರಿ ತೆಗೆಯಲಾಗುತ್ತಿತ್ತು. ಹಾಗೆ ಮಾಡಿದ ಮೆಳೆಗಳಲ್ಲಿ ಎದ್ದ ಕಳಲೆಗಳನ್ನು ದನ, ಮುಸಿಯ, ಮುಳ್ಳುಹಂದಿಗಳು ತಿಂದು ಮುಗಿಸುತ್ತಿದ್ದವು. ಮುಳ್ಳು ಕಳಲೆಗೆ ಕಾವಲು ಎಂಬ ಹಳ್ಳಿಗರ ತಿಳಿವಳಿಕೆಯನ್ನು ಅಧ್ಯಯನ ದೃಢಪಡಿಸಿತು. ಇಳುವರಿಯ ಅಂದಾಜುಗಳೂ ಉತ್ಪ್ರೇಕ್ಷಿತವೆಂದು ತಿಳಿದುಬಂತು.

ಕಾನೂನು ಮತ್ತು ಮಾನಕಗಳು

1927ರ ಭಾರತೀಯ ಅರಣ್ಯ ಕಾಯ್ದೆ ಬಿದಿರನ್ನು ಮರದ ವ್ಯಾಖ್ಯೆಯಲ್ಲಿ ಸೇರಿಸಿತ್ತು. ಇದರಿಂದ ಸ್ವಂತ ಜಮೀನಿನ ಬಿದಿರು ಕಡಿದು ಸಾಗಿಸಲೂ ಅಡಚಣೆಗಳಿದ್ದವು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಪರಿಗಣಿಸಿತು. 2017ರ ನವೆಂಬರ್‌ನ ಸುಗ್ರೀವಾಜ್ಞೆ ಮತ್ತು ಅದನ್ನು ಅನುಸರಿಸಿದ ತಿದ್ದುಪಡಿ ಕಾಯ್ದೆ ಕೇಂದ್ರ ಕಾಯ್ದೆಯ ಮರದ ವ್ಯಾಖ್ಯೆಯಿಂದ ಬಿದಿರನ್ನು ಕೈಬಿಟ್ಟು, ಅರಣ್ಯೇತರ ಜಮೀನಿನಲ್ಲಿ ಬೆಳೆದ ಬಿದಿರನ್ನು ಆ ಕಟ್ಟುಪಾಡಿನಿಂದ ಹೊರಗಿಟ್ಟಿತು. 2006–07ರಲ್ಲಿ ಆರಂಭವಾದ ರಾಷ್ಟ್ರೀಯ ಬಿದಿರು ಮಿಷನ್ 2018ರಲ್ಲಿ ಪುನರ್‌ರಚನೆಗೊಂಡಿತು.

ಕಟ್ಟಡ ವಿನ್ಯಾಸಕ್ಕೆ ಐಎಸ್ 15912, ದುಂಡು ಬಿದಿರಿನ ಪರೀಕ್ಷೆಗೆ ಐಎಸ್ 6874, ಕಟ್ಟಡದ ಬಿದಿರಿನ ಸಂರಕ್ಷಣೆಗೆ ಐಎಸ್ 9096 ಮಾನಕಗಳಿವೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಬಿದಿರಿಗೆ ಪ್ರತ್ಯೇಕ ವಿಭಾಗವಿದೆ. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 22156ರ ಪರಿಷ್ಕೃತ ಆವೃತ್ತಿ 2021ರಲ್ಲಿ ಪ್ರಕಟವಾಯಿತು.

ಇಂದಿನ ಸ್ಥಿತಿ

ಮೂರೂ ತಾಲ್ಲೂಕುಗಳಲ್ಲಿ ಹೊಸ ಮನೆಗಳು ಈಗ ಹೆಚ್ಚಾಗಿ ಸಿಮೆಂಟ್ ಇಟ್ಟಿಗೆ, ಜಂಬಿಟ್ಟಿಗೆ ಮತ್ತು ಆರ್‌ಸಿಸಿ ತಾರಸಿಯವು; ತಾರಸಿ ಸೋರದಂತೆ ಅದರ ಮೇಲೆ ಮತ್ತೆ ಕಬ್ಬಿಣದ ಶೀಟಿನ ಮಾಡು ಹಾಕುವುದು ಸಾಮಾನ್ಯ. ಬಿದಿರು ಉಳಿದಿರುವುದು ಸಾರುವೆ, ಚಪ್ಪರ, ಬೇಲಿ ಮತ್ತು ಕೊಟ್ಟಿಗೆಗಳಲ್ಲಿ. ಪ್ರವಾಸಿಗರಿಗಾಗಿ ಕಟ್ಟುವ ವಸತಿಗಳಲ್ಲಿ ಅದು ಅಲಂಕಾರದ ವಸ್ತುವಾಗಿಯೂ ಕಾಣಿಸಿಕೊಳ್ಳುತ್ತದೆ.

ಬಡವರ ಗುಡಿಸಲಿನ ನಂಟು ಬಿದಿರನ್ನು ಇನ್ನೂ ಬಿಟ್ಟಿಲ್ಲ. 2011ರ ಜನಗಣತಿಯ ಗೋಡೆ ಸಾಮಗ್ರಿಗಳ ಪಟ್ಟಿಯಲ್ಲಿ ಹುಲ್ಲು, ಸೋಗೆ, ಬಿದಿರು ಒಂದೇ ಗುಂಪಿನಲ್ಲಿವೆ. ಮಾನಕಗಳಿಗೆ ಅನುಗುಣವಾಗಿ ಸಂಸ್ಕರಿಸಿ ಕಟ್ಟಿದ ಬಿದಿರು ಗೋಡೆಗೂ ಸೋಗೆಯ ತಟ್ಟಿಗೂ ಅಲ್ಲಿ ವ್ಯತ್ಯಾಸವಿಲ್ಲ.

ನೆರೆಯ ಕೇರಳದ ವಯನಾಡಿನಲ್ಲಿ 1996ರಿಂದ ಕೆಲಸ ಮಾಡುತ್ತಿರುವ ಉರವು ಸಂಸ್ಥೆ ಬಿದಿರು ಸಸಿ, ಸಂಸ್ಕರಣೆ, ತರಬೇತಿ ಮತ್ತು ಕಟ್ಟಡಗಳನ್ನು ಒಂದೇ ಸರಪಳಿಯಾಗಿ ಬೆಸೆದಿದೆ. ಮಲೆನಾಡಿನ ಹವೆಗೆ ಹತ್ತಿರವಾದ ಮಾದರಿ ಅದು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಕಾಡುತ್ತಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಬದಲಿ ಬೆಳೆಯ ಹುಡುಕಾಟದಲ್ಲಿರುವ ರೈತರಿಗೆ ತೋಟದಂಚು, ಹಳ್ಳದ ದಡ ಮತ್ತು ಪಾಳುಬಿದ್ದ ಮಕ್ಕಿಗದ್ದೆಗಳಲ್ಲಿ ಮುಳ್ಳಿಲ್ಲದ ಬಿದಿರು ಒಂದು ಆಯ್ಕೆ. ಗಡ್ಡೆ ಅಥವಾ ಗಳದ ತುಂಡಿನಿಂದ ಬೆಳೆಸಿದ ಸಸಿ ನೆಟ್ಟರೆ ಐದಾರು ವರ್ಷಗಳಿಂದ ಕಡಿತ ಆರಂಭಿಸಬಹುದು. ಕಟ್ಟಡಕ್ಕೆ ಬೇಕಾದ ಪೂರ್ಣ ದಪ್ಪದ ಗಳ ಬರುವುದು ಅದಕ್ಕೂ ಕೆಲವು ವರ್ಷಗಳ ಬಳಿಕ. ಸಂಸ್ಕರಣೆಯ ತೊಟ್ಟಿ, ಒಣಗಿಸುವ ಕೊಟ್ಟಿಗೆ ಮತ್ತು ಬಿದಿರು ಜೋಡಿಸಬಲ್ಲ ಬಡಗಿಗಳು ಆ ವೇಳೆಗೆ ಹತ್ತಿರದಲ್ಲೇ ದೊರೆತರೆ ಬೆಳೆ ಮನೆಯ ಸಾಮಗ್ರಿಯಾಗುತ್ತದೆ. ಇಲ್ಲವಾದರೆ ಸಾರುವೆಯ ಗಳವಾಗಿ, ಬೇಲಿಯ ಗೂಟವಾಗಿ ಕಡಿಮೆ ಬೆಲೆಗೆ ಮಾರಾಟವಾಗುತ್ತದೆ.